ಬೆಟ್ಟದ ಮನೆಯ ಒಗೆತ

ಕಪ್ಪು ಬಟ್ಟೆಯನ್ನು ಮಗುಚಿ ಹಾಕಿ, ಒಳಮೈಗೆ ನೀರು ಚಿಮುಕಿಸಿ, ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಒಮ್ಮೆ ಊದಿದಳು. ಕಪ್ಪಿಗೆ ಹೊರಮೈಯಿಂದ ಬಿಸಿ ತಾಗಿದರೆ ಹೊಳಪು ಕೂತುಬಿಡುತ್ತದೆ. ಸತ್ತವರ ಪೂಜೆಯಲ್ಲಿ ಶವದ ಪೆಟ್ಟಿಗೆಗೆ ಹೊದಿಸುವ ಬಟ್ಟೆ ಹೊಳೆಯಬಾರದು ಎಂದು ಅವಳ ಗಂಡ ಬದುಕಿದ್ದಾಗ ಹೇಳುತ್ತಿದ್ದ. ಅವನ ಪೆಟ್ಟಿಗೆಯ ಮೇಲೂ ಬಿದ್ದದ್ದು ಇದೇ ಬಟ್ಟೆ. ಚರ್ಚಿನಲ್ಲಿ ಇದ್ದದ್ದು ಇದೊಂದೇ.

"ಯಾರಣ್ಣ ಹೋದವರು? ಗಂಟೆ ಬಾರಿಸಿದ್ದೇ ಕೇಳ್ಲಿಲ್ಲ," ಎಂದಳು.

ಬಾಗಿಲಲ್ಲಿ ಕೂತಿದ್ದ ಗಂಟೆಯಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಚರ್ಚಿನ ಗಂಟೆ ಬಾರಿಸುವುದು, ಕಸ ಗುಡಿಸುವುದು, ಪೀಠದ ಬಟ್ಟೆಗಳನ್ನು ಇಲ್ಲಿಗೆ ಹೊತ್ತು ತರುವುದು ಎಲ್ಲ ಅವನದೇ. "ನಂಗೇನ್ ಗೊತ್ತಮ್ಮ? ಫಾದರ್ ಬೀರು ತೆಗೆದು ಮೇಜಿನ ಮೇಲಿಟ್ಟಿದ್ರು. ನಾಳೆ ಬೆಳಿಗ್ಗೆಗೆ ಬೇಕು, ಮಡಿಕೆ ಬಿದ್ದಿದೆ ಅಂದ್ರು. ಮಡಿಕೆ ಬಿದ್ದಿದ್ರೆ ನಿಮ್ಮನೆಗೆ ತರ್ದೆ ಇನ್ನೆಲ್ಲಿಗೆ ತರ್ಲಿ?"

"ಗಂಟೆ ಬಾರಿಸೋನಿಗೇ ಗೊತ್ತಿಲ್ಲ ಅಂದ್ರೆ, ಇನ್ನು ಸತ್ತೋರಿಗಾದ್ರೂ ಗೊತ್ತಿದ್ಯೋ ಇಲ್ವೋ!"

"ಗಂಟೆ ಬೇಡ ಅಂದ್ರು ಕಣಮ್ಮ. ಹೆಣಾನೂ ಬರಲ್ವಂತೆ. ಖಾಲಿ ಪೆಟ್ಟಿಗೆ ಇಟ್ಟು ಪೂಜೆ ಮಾಡ್ಬೇಕಂತೆ."

"ಅಯ್ಯೋ ಪಾಪ, ಎಲ್ಲಿ ನೀರಲ್ಲಿ ಹೋದ ಜೀವವೋ," ಎಂದು ಇಸ್ತ್ರಿಯಮ್ಮ ಎಡಗೈಯಲ್ಲಿ ಬಟ್ಟೆ ಬಿಗಿಹಿಡಿದು ಇಸ್ತ್ರಿಪೆಟ್ಟಿಗೆ ಒತ್ತಿದಳು. ನಡುವಿನ ಬಿಳಿ ಶಿಲುಬೆಯನ್ನು ಸುತ್ತಿ ಅಂಚಿಗೆ ಬಂದಳು. ಅಂಚಿನ ಜರಿಗೆ ಬಿಸಿ ತಾಗದ ಹಾಗೆ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಮಾತ್ರ ಆಡಿಸಿದಳು. ಕೆಲಸ ಮುಗಿದು ಬಟ್ಟೆಯನ್ನು ಮಡಚಿ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದಾಗ ಫಾದರ್ ಬೀದಿಯಲ್ಲಿ ಓಡುತ್ತ ಬರುವುದು ಕಾಣಿಸಿತು. ಅವರು ಓಡಿದ್ದನ್ನು ಆ ಬೀದಿ ಎಂದೂ ನೋಡಿರಲಿಲ್ಲ. ಅವರ ಮುಖ ಇನ್ನೂ ಒದ್ದೆಯಿತ್ತು. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಯೋಚಿಸುತ್ತ ಅವರು ಮುಖ ತೊಳೆಯುತ್ತಿದ್ದ ಹೊತ್ತಿನಲ್ಲೇ ಗಂಟೆಯಣ್ಣ ಎಂದಿನ ಅಭ್ಯಾಸದಿಂದ ಬಟ್ಟೆಯನ್ನು ಎತ್ತಿಕೊಂಡು ಬಂದುಬಿಟ್ಟಿದ್ದ.

"ಅಮ್ಮ, ಅದನ್ನ ಕೆಳಗಿಡಿ."

"ಆಯ್ತು ಫಾದರ್, ಮುಗೀತು. ಎಲ್ಲೂ ಹೊಳಪು ಬಂದಿಲ್ಲ, ನೋಡಿ ಬೇಕಾದ್ರೆ."

"ಕೆಳಗಿಡಿ ಅಮ್ಮ. ದಯವಿಟ್ಟು."

ಅವಳು ಕೆಳಗಿಡಲಿಲ್ಲ. ಫಾದರ್ ಮುಖ ನೋಡಿದಳು, ಗಂಟೆಯಣ್ಣನ ಮುಖ ನೋಡಿದಳು, ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಅದು ಇನ್ನೂ ಬೆಚ್ಚಗಿತ್ತು. ದೊಡ್ಡ ಮಗಳಿದ್ದ ಬೆಟ್ಟದ ಮನೆಯಿಂದ ಫೋನು ಬಂದಿತ್ತೆಂದು ಫಾದರ್ ಹೇಳಿದರು. ಅವಳು ಹೋದದ್ದು ನಿನ್ನೆ ಬೆಳಗಿನ ಜಾವ ಎಂದರು. ಕಾಯಿಲೆ ಅಂಥದ್ದಾದ್ದರಿಂದ ಮಧ್ಯಾಹ್ನಕ್ಕೆಲ್ಲ ಅಲ್ಲೇ ಮಣ್ಣು ಮಾಡಿದರೆಂದೂ ಹೇಳಿದರು. ಗಂಟೆಯಣ್ಣ ಹಣೆ ಹಣೆ ಬಡಿದುಕೊಳ್ಳುತ್ತ ಹೊಸಿಲಲ್ಲೇ ಕುಸಿದ. ಇಸ್ತ್ರಿಯಮ್ಮ ಅಳಲಿಲ್ಲ. ಅವಳ ಬಾಯಿಂದ ಬಂದ ಮೊದಲ ಮಾತು ಬೇರೆಯೇ.

"ಚಿಕ್ಕವಳು ಎಲ್ಲಿ? ಪುಟ್ಟಿ ಎಲ್ಲಿ ಹೋದ್ಲು?"

ಪುಟ್ಟಿ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತ ಕೂತಿದ್ದಳು. ಅವಳನ್ನು ಕರೆಸುವವರೆಗೂ ತಾಯಿ ಆ ಬಟ್ಟೆಯನ್ನು ಕೈಬಿಡಲಿಲ್ಲ.

ದೊಡ್ಡ ಮಗಳು ಬೆಟ್ಟದ ಮನೆ ಸೇರಿ ಹಲವು ವರ್ಷಗಳಾಗಿದ್ದವು. ಎದೆಯ ಕಾಯಿಲೆಯಾಗಿ, ಸ್ವಂತ ಮನೆಯವರೂ ಹತ್ತಿರ ಸೇರಿಸದ ರೋಗಿಗಳನ್ನು ಕನ್ಯಾಸ್ತ್ರೀಯರು ಅಲ್ಲಿ ನೋಡಿಕೊಳ್ಳುತ್ತಿದ್ದರು. ದೇವರು ಕರೆಯುತ್ತಿದ್ದಾನೆ, ಹೋಗುತ್ತೇನೆ ಎಂದು ದೊಡ್ಡವಳು ಹೇಳಿದ ದಿನ ಈ ಮನೆಯಲ್ಲಿ ದೊಡ್ಡ ರಂಪವೇ ಆಗಿತ್ತು. ಅಲ್ಲಿ ಅವಳಿಗೆ ಸಿಕ್ಕ ಕೆಲಸ ರೋಗಿಗಳ ಬಟ್ಟೆ ಒಗೆಯುವುದೆಂದು ತಿಳಿದಾಗಲಂತೂ ಇಸ್ತ್ರಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬಟ್ಟೆ ಒಗೆಯೋಕೆ ದೇವರು ಅಷ್ಟು ದೂರ ಕರೀತಾನಾ? ಯಾಕೆ, ನಮ್ಮನೆ ಕಲ್ಲು ಸವೆದುಹೋಗಿದ್ಯಾ?" ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದ್ದಳು. ಮಗಳು ಹೊರಟ ಬೆಳಿಗ್ಗೆ ಬಾಗಿಲಿಗೆ ಬೆನ್ನು ಹಾಕಿ ಯಾರದೋ ಅಂಗಿಗೆ ಇಸ್ತ್ರಿ ಹಾಕುತ್ತಲೇ ಇದ್ದಳು. "ಬರ್ತೀನಮ್ಮ" ಎಂದದ್ದು ಕೇಳಿಸಿತ್ತು. ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದ್ದಳು.

ಹೋಗುವ ಮೊದಲು ದೊಡ್ಡವಳಲ್ಲಿ ಕಂಡ ಲಕ್ಷಣಗಳನ್ನು ತಾಯಿ ಮರೆತಿರಲಿಲ್ಲ. ಕತ್ತಲೆ ಹರಿಯುವ ಮೊದಲೇ ಎದ್ದು ಚರ್ಚಿಗೆ ಹೋಗುವುದು. ತಟ್ಟೆಯ ಮುಂದೆ ಕೂತು ಎಲ್ಲೋ ನೋಡುವುದು. ಕರೆದರೆ ತಡವಾಗಿ ಓಗೊಡುವುದು, ಬೇರೆ ಯಾರದೋ ಮಾತು ಮುಗಿಯಲಿ ಎಂದು ಕಾಯುತ್ತಿದ್ದವಳ ಹಾಗೆ. ಈಗ ದುಃಖದ ಮೊದಲ ದಿನಗಳು ಕಳೆದು, ಬಂದು ಹೋಗುವವರು ಕಡಿಮೆಯಾಗುತ್ತಿದ್ದಂತೆ, ಅದೇ ಲಕ್ಷಣಗಳು ಒಂದೊಂದಾಗಿ ಪುಟ್ಟಿಯಲ್ಲಿ ಕಾಣತೊಡಗಿದವು. ಒಂದು ಬೆಳಿಗ್ಗೆ ಅವಳ ಹಾಸಿಗೆ ಖಾಲಿಯಿತ್ತು. ಮರುದಿನವೂ ಖಾಲಿಯಿತ್ತು. ಚರ್ಚಿಗೆ ಹೋಗಿದ್ದೆ ಎಂದಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು.

ಇಸ್ತ್ರಿಯಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗತೊಡಗಿತು. ಒಂದು ದಿನ ಪೀಠದ ಬಟ್ಟೆಗೆ ಗಂಜಿ ಹಾಕುತ್ತಿದ್ದಾಗ, ಈ ಮನೆಯ ಮಕ್ಕಳ ರುಚಿ ಕಂಡುಬಿಟ್ಟಿದ್ದಾನೆ ಎಂಬ ಮಾತು ಅವಳ ಬಾಯಿಂದ ಹೊರಬಿತ್ತು. ಯಾರ ಬಗ್ಗೆ ಹೀಗೆ ಅಂದೆ ಎಂದು ತಿಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಗಂಜಿ ಮೆತ್ತಿದ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಂಡು, "ತಪ್ಪಾಯ್ತು ಸ್ವಾಮಿ, ಬಾಯಿತಪ್ಪಿ ಬಂತು" ಎಂದಳು. ಆದರೆ ಬಾಯಿತಪ್ಪಿ ಬಂದದ್ದಲ್ಲವೆಂದು ಅವಳಿಗೂ ಗೊತ್ತಿತ್ತು. ಆಮೇಲೆ ಪೂಜೆಗೆ ಹೋದರೆ ಕಂಬದ ಮರೆಯ ಬೆಂಚಿನಲ್ಲಿ ಕೂರತೊಡಗಿದಳು. ಪುಟ್ಟಿಯನ್ನು ಗೋಡೆಯ ಕಡೆಗೆ ಕೂರಿಸಿ ತಾನು ಈಚೆ ಕೂತು, ಮಗಳಿಗೂ ಪೀಠಕ್ಕೂ ನಡುವೆ ತನ್ನ ಮೈಯನ್ನು ಅಡ್ಡ ಇಟ್ಟುಕೊಂಡು ಪ್ರಾರ್ಥಿಸಿದಳು.

ಬೆಟ್ಟದ ಮನೆಯ ಮದರ್ ನೋಡಲು ಬರುತ್ತಾರೆಂದು ಫಾದರ್ ಹೇಳಿಕಳಿಸಿದ ದಿನ ಅವಳು ಬೆಕ್ಕು ಬಂತೆಂದು ಹಾಲಿನ ಪಾತ್ರೆ ಮುಚ್ಚುವವಳ ಹಾಗೆ ಪುಟ್ಟಿಯನ್ನು ಹಿತ್ತಿಲ ಬಾಗಿಲಿಂದ ದಾಟಿಸಿದಳು.

"ಟೈಲರ್ ಅಂಗಡಿಗೆ ಹೋಗು."

"ಇವತ್ತು ರಜೆ ಅಮ್ಮ."

"ಹಾಗಾದ್ರೆ ದಾರ ತಗೊಂಡು ಬಾ. ನೀಲಿ ದಾರ."

"ನೀಲಿ ದಾರ ಮನೇಲಿ ರಾಶಿ ಬಿದ್ದಿದೆ."

"ಹೋಗು ಅಂದ್ರೆ ಹೋಗೇ! ಎದುರು ವಾದಿಸ್ಬೇಡ!"

ಮದರ್ ಎತ್ತರದ, ಸಣಕಲು ಹೆಂಗಸು. ಕುರ್ಚಿಯನ್ನು ತಾವೇ ಎಳೆದು ಬಾಗಿಲ ಬಳಿ ಗಾಳಿಗೆ ಹಾಕಿಕೊಂಡು ದೂರ ಕೂತರು. ತಮ್ಮ ಉಸಿರು ಇನ್ನೊಬ್ಬರಿಗೆ ತಾಗದಿರಲಿ ಎಂಬ ಎಚ್ಚರ ಅವರ ಮೈಯಲ್ಲಿ ಊರಿಬಿಟ್ಟಿತ್ತು. ಅವರನ್ನು ಕಂಡರೆ ಏನೇನೋ ಅನ್ನಬೇಕೆಂದು ಇಸ್ತ್ರಿಯಮ್ಮ ಸಿದ್ಧವಾಗಿದ್ದಳು. ಎದುರು ಕೂತಾಗ ಕೇಳಿದ್ದು ಒಂದೇ.

"ಅವಳನ್ನ ಒಗೆಯೋ ಕೆಲಸಕ್ಕೆ ಹಾಕಿದ್ದು ಯಾರು?"

"ಅವಳೇ ಕೇಳಿ ತಗೊಂಡಿದ್ದಮ್ಮ," ಎಂದರು ಮದರ್. "ನಮಗ್ಯಾರಿಗೂ ಸರಿಯಾಗಿ ಬರ್ತಿರ್ಲಿಲ್ಲ. ಅವಳು ಬಂದ ಮೇಲೆ ರೋಗಿಗಳ ಹಾಸಿಗೆ ಬಿಳೀ ಆಯ್ತು. ರಕ್ತದ ಕಲೆ ಕಂಡ್ರೆ ಮೊದಲು ತಣ್ಣೀರು, ಆಮೇಲೇ ಹಂಡೆ. ಮೊದಲೇ ಬಿಸಿನೀರು ತೋರಿಸಿದ್ರೆ ನಮ್ಮಮ್ಮ ಬೆನ್ನು ಮುರೀತಾಳೆ ಅಂತ ಎಲ್ಲರಿಗೂ ಹೇಳಿ ಹೇಳಿ ನಗೋಳು."

ಇಸ್ತ್ರಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

"ಈಗ ಯಾರು ಒಗೀತಾರೆ?"

ಮದರ್ ಬಾಗಿಲಾಚೆ ನೋಡಿದರು. "ಕೂಲಿಗೆ ಬರ್ತಿದ್ದ ಹೆಂಗಸರು ಸುದ್ದಿ ಕೇಳಿ ಹೆದರಿ ಬಿಟ್ಟುಹೋದ್ರು. ಸಣ್ಣ ಸಿಸ್ಟರ್ ಒಬ್ಬಳಿದ್ದಾಳೆ, ಆದಷ್ಟು ಮಾಡ್ತಾಳೆ. ಎಷ್ಟೋ ಜನಕ್ಕೆ ಬರೀ ಚಾಪೆ ಹಾಸಿದ್ದೀವಿ." ಆಮೇಲೆ ಗಾಬರಿಯಾದವರಂತೆ, "ನಾನು ಅದಕ್ಕೋಸ್ಕರ ಬಂದಿದ್ದಲ್ಲ ಅಮ್ಮ. ನಿಮ್ಮ ಹತ್ರ ಏನೂ ಕೇಳೋಕೆ ಬಂದಿಲ್ಲ. ಕೇಳೋ ಮುಖ ನಮಗಿಲ್ಲ," ಎಂದರು.

ಕೇಳಲು ಬರುವವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡಳು ಇಸ್ತ್ರಿಯಮ್ಮ. ಸರಿಯಾಗಿ ಆಗಲೇ ಪುಟ್ಟಿ ನೀಲಿ ದಾರ ಹಿಡಿದು ಮುಂಬಾಗಿಲಿನಿಂದಲೇ ಒಳಗೆ ಬಂದುಬಿಟ್ಟಳು. ಮದರ್ ಎದ್ದು ನಿಂತರು. "ಅಕ್ಕನ ಕಣ್ಣೇ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಪುಟ್ಟಿ ಆ ಕೈಯ ಕೆಳಗೆ ಕಣ್ಣು ಮುಚ್ಚಿ ನಿಂತಳು. ನೋಡುತ್ತಿದ್ದ ತಾಯಿಗೆ ಜೀವ ಬಾಯಿಗೆ ಬಂತು.

ಅಂದಿನಿಂದ ಅವಳಿಗೆ ನಿದ್ದೆ ಇಲ್ಲವಾಯಿತು. ಬೆಳಗಿನ ಜಾವ ಯಾರೋ ಹೆಗಲು ಮುಟ್ಟಿದ ಹಾಗೆ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟರೆ ಯಾರೂ ಇಲ್ಲ. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಪುಟ್ಟಿ ಉಸಿರಾಡುವುದನ್ನು ಕೇಳುತ್ತ ಎದ್ದು ಕೂತಿರುತ್ತಿದ್ದಳು. ಮಗಳು ಎದ್ದು ಹೊರಡುವ ಹೊತ್ತಿಗೆ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ ಹಾಗೆ ನಟಿಸುತ್ತಿದ್ದಳು. ಹಗಲು ಲಾಡ್ಜಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವಾಗ ಅವಳ ಕೈ ನಡುವೆಯೇ ನಿಂತುಬಿಡುತ್ತಿತ್ತು. ಬರೀ ಚಾಪೆ ಹಾಸಿದ್ದೀವಿ ಎಂದ ಮಾತು ಕಿವಿಯಲ್ಲಿ ಕೂತಿತ್ತು. ಬೆಟ್ಟಕ್ಕೆ ಹೋಗುವ ಬಸ್ಸು ಅವಳ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಅದರ ಸದ್ದು ಕೇಳಿದರೆ ತಲೆಯೆತ್ತುತ್ತಿದ್ದಳು. ಆಮೇಲೆ, ಯಾಕೆ ನೋಡಿದೆ ಎಂದು ತನ್ನ ಮೇಲೇ ಸಿಟ್ಟಾಗುತ್ತಿದ್ದಳು. ಒಂದು ದಿನ ಲಾಡ್ಜಿನ ಬಟ್ಟೆಯ ಮೇಲೆ ಪೆಟ್ಟಿಗೆ ಹಾಗೇ ಮರೆತು, ಬಟ್ಟೆ ಕಂದಿ ಹೋಯಿತು. ಅವಳ ಕೈಯಲ್ಲಿ ಬಟ್ಟೆ ಸುಟ್ಟಿದ್ದು ಅದೇ ಮೊದಲು.

ಆ ಮರುದಿನ ಬೆಳಿಗ್ಗೆ ಪುಟ್ಟಿ ಎದ್ದು ಹೊರಟಾಗ ತಾಯಿ ಹಿಂದೆಯೇ ಹೋದಳು. ಚರ್ಚಿನಲ್ಲಿ ಪೀಠದ ದೀಪ ಬಿಟ್ಟರೆ ಬೆಳಕಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಪುಟ್ಟಿ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಮೊಣಕಾಲೂರಿದ್ದಳು. ದೊಡ್ಡವಳೂ ಹೀಗೇ ಕೂರುತ್ತಿದ್ದಳು. ಇಸ್ತ್ರಿಯಮ್ಮ ಹೋಗಿ ಮಗಳ ರಟ್ಟೆ ಹಿಡಿದು, ದರದರನೆ ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ತಂದು ನಿಲ್ಲಿಸಿದಳು.

"ಹೇಳು! ಯಾವತ್ತು ಹೊರಡೋದು? ಆ ಮದರ್ ಏನಂದ್ರು? ಅಕ್ಕನ ಜಾಗಕ್ಕೆ ಬಾ ಅಂದ್ರಾ?"

ಪುಟ್ಟಿಯ ಮುಖ ಅತ್ತು ಅತ್ತು ಊದಿಕೊಂಡಿತ್ತು. ಮೂಗು ಕೆಂಪಾಗಿತ್ತು. "ಎಲ್ಲಿಗೆ ಹೊರಡೋದು?"

"ಸುಮ್ನೆ ನಾಟಕ ಆಡ್ಬೇಡ. ದಿನಾ ಇಲ್ಲಿ ಬಂದು ಏನು ಮಾಡ್ತೀಯ ನೀನು?"

"ಅಳ್ತೀನಿ."

"ಏನು?"

"ಅಳ್ತೀನಮ್ಮ! ಮನೇಲಿ ಎಲ್ಲಿ ಅಳ್ಲಿ? ನೀನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ನಿನ್ನ ಮುಂದೆ ಅತ್ರೆ ಎಲ್ಲಿ ನೀನು ಒಡೆದುಹೋಗ್ತೀಯೋ ಅಂತ ನಂಗೆ ಭಯ. ಇಲ್ಲಾದ್ರೆ ಯಾರೂ ಇರಲ್ಲ. ಗಂಟೆಯಣ್ಣ ಬಂದ್ರೂ ನೋಡದ ಹಾಗೆ ಕಸ ಗುಡಿಸ್ಕೊಂಡು ಹೋಗ್ತಾರೆ."

ತಾಯಿ ಹಿಡಿದ ರಟ್ಟೆ ಬಿಟ್ಟಳು. "ದೇವರು ಕರೀತಿಲ್ವಾ ನಿನ್ನ?"

ಪುಟ್ಟಿ ಅಳುವಿನಲ್ಲೇ ನಕ್ಕುಬಿಟ್ಟಳು. "ನನ್ನನ್ನಾ? ಕರೀತಾನೇನೋ ಅಂತ ನಾನೂ ಕಿವಿಗೊಟ್ಟು ಕೂತಿದ್ದೆ. ಅಕ್ಕನ ಹಾಗೆ ಆಗ್ಬೇಕು ಅಂತ ಆಸೆಯಾಗಿತ್ತು. ಏನೂ ಕೇಳಿಸ್ಲಿಲ್ಲಮ್ಮ. ಹೊಟ್ಟೆ ಚುರುಗುಟ್ಟಿದ್ದು ಕೇಳಿಸ್ತು, ಅಷ್ಟೇ." ಸೆರಗಿನಲ್ಲಿ ಮೂಗು ಒರೆಸಿಕೊಂಡು, ತಾನೇನು ಹೇಳುತ್ತಿದ್ದೇನೆಂದು ಯೋಚಿಸದೆ ಮುಂದುವರಿಸಿದಳು. "ನಂಗಿಂತ ಮೊದಲೇ ಎದ್ದು ಕೂತಿರೋಳು ನೀನು. ನಿದ್ದೆ ಬಂದೋಳ ಹಾಗೆ ನಟಿಸೋದು ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ? ಹಾಸಿಗೆ ಬಟ್ಟೆ ಕಂಡ್ರೆ ಕೈ ನಿಂತುಬಿಡತ್ತೆ. ಬೆಟ್ಟದ ಬಸ್ ಬಂದ್ರೆ ಕತ್ತು ತಿರುಗತ್ತೆ. ಕರೀತಿರೋದು ನಿನ್ನನ್ನೇ ಏನೋ."

"ಬಾಯಿ ಮುಚ್ಚು," ಎಂದಳು ಇಸ್ತ್ರಿಯಮ್ಮ.

ಇಬ್ಬರೂ ಮನೆಗೆ ನಡೆದರು. ಅಷ್ಟು ದಿನ ಅವಳ ಭಯ ಮಗಳ ಸುತ್ತ ಸುತ್ತುತ್ತಿತ್ತು. ಈಗ ಅದು ತಿರುಗಿ ಅವಳನ್ನೇ ನೋಡಿತು. ದೊಡ್ಡವಳ ಬದಲು ನನ್ನನ್ನು ಕರೆಯಬಾರದಿತ್ತೇ ಎಂದು ಅವಳು ನೆರೆಯವರ ಮುಂದೆ ಹೇಳಿದ್ದುಂಟು. ಮಕ್ಕಳನ್ನು ಕಳೆದುಕೊಂಡ ತಾಯಂದಿರೆಲ್ಲ ಹೇಳುವ ಮಾತು ಅದು. ಆ ಮಾತನ್ನು ಯಾರೋ ನಿಜವಾಗಿ ಕೇಳಿಸಿಕೊಂಡು, ಆಗಲಿ, ಬಾ ಎಂದಂತಿತ್ತು. ಸಾವಿಗೆ ತಾನು ಹೆದರುವುದಿಲ್ಲವೆಂದು ನಂಬಿದ್ದವಳಿಗೆ ಆ ದಿನ ಕೈಕಾಲು ಬಿಸಿಯಾಗಲೇ ಇಲ್ಲ. ಆ ಕೆಮ್ಮು, ಆ ರಕ್ತದ ಬಟ್ಟೆ, ಮಗಳನ್ನು ತಿಂದ ಆ ಕಲ್ಲು, ಆ ಹಂಡೆ ಎಲ್ಲ ಕಣ್ಣ ಮುಂದೆ ಬಂದವು. ಬೇಡ ಸ್ವಾಮಿ ಎಂದಳು. ನನಗೆ ವಯಸ್ಸಾಯಿತು, ಓದು ಬರಹ ಇಲ್ಲ, ಬಾಯಿ ಒರಟು, ನನ್ನನ್ನು ಕಟ್ಟಿಕೊಂಡು ಏನು ಮಾಡುತ್ತೀ ಎಂದಳು. ಮರುದಿನ ಅದೇ ಹೊತ್ತಿಗೆ ಎಚ್ಚರವಾಯಿತು. ಅದರ ಮರುದಿನವೂ ಆಯಿತು.

ತಪ್ಪಿಸಿಕೊಳ್ಳಲು ಅವಳು ಒಂದು ಉಪಾಯ ಹೂಡಿದಳು. ಬೆಟ್ಟದ ಬಟ್ಟೆಯನ್ನೆಲ್ಲ ಬಸ್ಸಿನಲ್ಲಿ ಇಲ್ಲಿಗೇ ಕಳಿಸಲಿ, ಒಗೆದು ಕಳಿಸುತ್ತೇನೆ ಎಂದು ಫಾದರ್ ಬಳಿ ಹೋದಳು. ಆ ಬಟ್ಟೆಯನ್ನು ಯಾವ ಬಸ್ಸಿನವರೂ ಮುಟ್ಟುವುದಿಲ್ಲ ಎಂದರು ಫಾದರ್. ಹಾಗಾದರೆ ಆಗಾಗ ಹೋಗಿ ಒಗೆದು ಬರುತ್ತೇನೆ ಎಂದಳು. ಅದಕ್ಕೆ ಅಡ್ಡಿಯಿಲ್ಲ, ಮದರ್ ಸಂತೋಷಪಡುತ್ತಾರೆ, ಹೋಗಿ ಬನ್ನಿ ಎಂದರು. ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಎದ್ದು ಹೋಗದೆ ಅಲ್ಲೇ ನಿಂತಳು.

"ಇನ್ನೇನಮ್ಮ?"

"ಕೇಳ್ತಿರೋದು ಅಷ್ಟೇ ಅಲ್ಲ ಅನ್ಸತ್ತೆ ಫಾದರ್. ಹೋಗಿ ಬಾ ಅಂತಿಲ್ಲ. ಬಾ ಅಂತಿದೆ."

ಫಾದರ್ ಕನ್ನಡಕ ತೆಗೆದಿಟ್ಟರು. "ಅಮ್ಮ, ಮಗಳನ್ನ ಕಳ್ಕೊಂಡು ಇನ್ನೂ ವರ್ಷ ತಿರುಗಿಲ್ಲ. ದುಃಖದ ದನಿಯೂ ಕರೆಯ ಹಾಗೇ ಕೇಳಿಸತ್ತೆ. ಅವಳು ಇದ್ದ ಜಾಗಕ್ಕೆ ಹೋಗ್ಬೇಕು ಅನ್ನೋ ಆಸೆ ಇರ್ಬೋದು."

"ಆಸೆ ಆದ್ರೆ ಓಡಿಹೋಗ್ತಿದ್ದೆ. ನಂಗೆ ಹೋಗೋಕೆ ಇಷ್ಟವೇ ಇಲ್ಲ. ಸತ್ತುಹೋಗ್ತೀನಿ ಅಂತ ಭಯ, ಪುಟ್ಟಿ ಒಬ್ಬಳೇ ಆಗ್ತಾಳೆ ಅಂತ ಭಯ. ಆದ್ರೂ ಬರಲ್ಲ ಅಂತ ಹೇಳೋಕೆ ಬಾಯಿ ತೆಗೆದ್ರೆ ಮಾತೇ ಬರ್ತಿಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನೀವಾದ್ರೂ ಬೇಡ ಅಂದುಬಿಡಿ ಫಾದರ್. ನಿಮ್ಮ ಮಾತು ಮೀರಲ್ಲ."

ಫಾದರ್ ಬೇಡ ಎನ್ನಲಿಲ್ಲ. ಹೋಗಿ ಎಂದೂ ಹೇಳಲಿಲ್ಲ. ವಿಧವೆಯರಿಗೂ ಆ ಮನೆಯ ನಿಯಮದಲ್ಲಿ ಜಾಗವಿದೆ, ಮೊದಲು ಪರೀಕ್ಷೆಯ ಕಾಲ ಇರುತ್ತದೆ, ಆಮೇಲೆ ಪ್ರತಿಜ್ಞೆ ಮಾಡಿದರೆ ಉಸಿರಿರುವವರೆಗೂ ಅಲ್ಲೇ ಎಂದು ಮೆಲ್ಲಗೆ ವಿವರಿಸಿದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಆ ಮನೆಯಿಂದ ಬಂದಿದ್ದ ಫೋನನ್ನು ಎತ್ತಿದವರು ಅವರೇ ಅಲ್ಲವೇ?

ಗಂಟೆಯಣ್ಣನಿಗೆ ಸುದ್ದಿ ತಿಳಿದಾಗ, "ಇಬ್ಬರು ಮಕ್ಕಳ ತಾಯಿ ಕನ್ಯಾಸ್ತ್ರೀ ಹೇಗಾಗ್ತಾಳಮ್ಮ? ಇಷ್ಟು ವಯಸ್ಸಾದ ನಂಗೂ ಅರ್ಥ ಆಗ್ತಿಲ್ಲ!" ಎಂದು ತಮಾಷೆಗೆ ಹೊರಟು, ನಡುವೆಯೇ ಎದ್ದುಹೋದ. ಪುಟ್ಟಿಯದು ಮಾತ್ರ ತಮಾಷೆಯಾಗಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಎಸೆದಳು.

"ನಾನು ಅವತ್ತು ಏನೋ ಬಾಯಿಗೆ ಬಂದಿದ್ದು ಅಂದೆ! ಅದನ್ನೇ ಹಿಡ್ಕೊಂಡು ಹೊರಟ್ಯಾ? ಅಕ್ಕ ಹೋದ್ಲು, ಈಗ ನೀನೂನಾ? ಮುಂದಿನ ಸಲ ನಂಗೆ ಹೇಳೋಕೆ ಯಾರು ಓಡ್ಬರ್ತಾರೆ, ಫಾದರ್ರಾ?"

ಎಷ್ಟೋ ವರ್ಷಗಳ ಹಿಂದೆ ತಾಯಿ ಆಡಿದ ಮಾತುಗಳೇ ಈಗ ಮಗಳ ಬಾಯಿಂದ ಬರುತ್ತಿದ್ದವು. "ನೀನು ಬೇಡ ಅಂದ್ರೆ ಹೋಗಲ್ಲ," ಎಂದಳು ತಾಯಿ. ಒಳಗೊಳಗೆ, ಅಂದುಬಿಡು ಮಗಳೇ, ಅಂದುಬಿಡು ಎಂದು ಬೇಡಿಕೊಂಡಳು.

ಪುಟ್ಟಿ ಆ ದಿನ ಊಟ ಮಾಡಲಿಲ್ಲ. ಆ ವಾರವೆಲ್ಲ ಇಬ್ಬರೂ ಒಂದೇ ಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಓಡಾಡಿದರು. ಭಾನುವಾರ ಪೂಜೆ ಮುಗಿಸಿ ಬಂದು ಪುಟ್ಟಿ ಅಟ್ಟದಿಂದ ಚೀಲ ಇಳಿಸಿದಳು. ಧೂಳು ಕೊಡವಿ, ತಾಯಿಯ ಎರಡು ಸೀರೆ, ಒಂದು ಕಂಬಳಿ, ಜಪಸರ ಎಲ್ಲ ಒಳಗಿಟ್ಟಳು. ಮುಖ ಮಾತ್ರ ಬಿಗಿದುಕೊಂಡೇ ಇತ್ತು.

"ಹೋಗು ಅಂತ ನಾನು ಹೇಳ್ತಿಲ್ಲ. ಅದು ನನ್ನ ಬಾಯಿಂದ ಬರಲ್ಲ. ಆದ್ರೆ ಅಕ್ಕ ಹೋಗೋವಾಗ ನೀನು ಬಾಗಿಲವರೆಗೂ ಬರ್ಲಿಲ್ಲ. ಬೀದಿ ತುದೀವರೆಗೂ ತಿರುತಿರುಗಿ ನೋಡ್ಕೊಂಡು ಹೋದ್ಲು ಅವಳು. ನಾನು ನೋಡಿದ್ದೀನಿ." ಚೀಲದ ಬಾಯಿ ಕಟ್ಟಿದಳು. "ನಾನು ಬಸ್ ಸ್ಟ್ಯಾಂಡಿಗೆ ಬರ್ತೀನಿ."

ಇಸ್ತ್ರಿಯಮ್ಮ ಆಗ ಅತ್ತಳು. ಸುದ್ದಿ ಬಂದ ದಿನದಿಂದ ಕಟ್ಟಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಹರಿದು, ಪಕ್ಕದ ಮನೆಯವರೆಲ್ಲ ಬಂದು ನಿಲ್ಲುವಷ್ಟು ಅತ್ತಳು.

ಬೆಟ್ಟದ ಮನೆಯ ಬಾಗಿಲಲ್ಲಿ ಸಣ್ಣ ಸಿಸ್ಟರ್ ಅವಳ ಚೀಲ ಇಸಿದುಕೊಂಡಳು. ಇನ್ನೂ ಎಳಸು ಮುಖದ ಹುಡುಗಿ. ಒಗೆಯುವ ಸೋಡಾಕ್ಕೆ ಅವಳ ಬೆರಳುಗಳ ಚರ್ಮ ಸುಲಿದಿತ್ತು. ಹೊಸದಾಗಿ ಬಂದವರಿಗೆ ಮೊದಲು ಪ್ರಾರ್ಥನೆಯ ಕೋಣೆ ತೋರಿಸಬೇಕು ಎಂದಳು.

"ಮೊದಲು ಬಟ್ಟೆ ತೋರ್ಸು ಮಗು. ಆಮೇಲೆ ಧೈರ್ಯ ಇರತ್ತೋ ಇಲ್ವೋ."

ಒಗೆಯುವ ಶೆಡ್ಡು ಕಟ್ಟಡದ ಹಿಂದಿತ್ತು. ಒಂದು ಹಂಡೆ, ಎರಡು ತೊಟ್ಟಿ, ನಡುವೆ ಕಲ್ಲು, ಗೋಡೆಗೆ ಒರಗಿಸಿದ ಬುಟ್ಟಿಗಳು. ಬುಟ್ಟಿಗಳು ತುಂಬಿ ಚೆಲ್ಲಿ ಬಟ್ಟೆ ನೆಲದ ಮೇಲೂ ಬಿದ್ದಿತ್ತು. ಪಕ್ಕದ ವಾರ್ಡಿನ ಕಿಟಕಿಯಿಂದ ಕೆಮ್ಮು ಕೇಳಿಬರುತ್ತಿತ್ತು. ಒಬ್ಬರದು ನಿಂತರೆ ಇನ್ನೊಬ್ಬರದು ಶುರುವಾಗುತ್ತಿತ್ತು. ಇಸ್ತ್ರಿಯಮ್ಮ ಸೆರಗು ಸಿಕ್ಕಿಸಿ, ತೋಳು ಮೇಲೇರಿಸಿ, ಬುಟ್ಟಿಯ ಮುಂದೆ ಬಗ್ಗಿದಳು. ಮೇಲಿನ ಬಟ್ಟೆಯ ಮಡಿಕೆಯಲ್ಲಿ ಕಂದು ಬಣ್ಣದ ಕಲೆಯಿತ್ತು. ಅವಳ ಕೈ ಅದರ ಮೇಲೆ ಬಂದು, ಮುಟ್ಟದೆ ಗಾಳಿಯಲ್ಲೇ ನಿಂತಿತು. ಅದು ಕೆಳಗೂ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಂದ ಬ‍ಸ್ಸು ಇನ್ನೂ ಕೆಳಗಿನ ತಿರುವಿನಲ್ಲೇ ನಿಂತಿತ್ತು. ಓಡಿದರೆ ಸಿಗುತ್ತಿತ್ತು. ಪುಟ್ಟಿ ಇಷ್ಟು ಹೊತ್ತಿಗೆ ಮನೆಗೆ ಹೋಗಿ ಬೀಗ ತೆಗೆಯುತ್ತಿರಬಹುದು ಎಂದುಕೊಂಡಳು.

"ನಂಗೂ ಭಯ ಆಗತ್ತಮ್ಮ," ಎಂದಳು ಸಣ್ಣ ಸಿಸ್ಟರ್ ಪಿಸುದನಿಯಲ್ಲಿ, ತಪ್ಪು ಒಪ್ಪಿಕೊಳ್ಳುವವಳ ಹಾಗೆ. "ದಿನಾ ಆಗತ್ತೆ. ನಿಮ್ಮ ಮಗಳಿಗೂ ಆಗ್ತಿತ್ತು."

"ಅವಳಿಗಾ?"

"ಹ್ಞೂಂ. ನಿಮ್ಮ ಜಾಗದಲ್ಲೇ ನಿಂತು ಒಂದು ಸಲ ಕಣ್ಣು ಮುಚ್ಚೋರು. ಭಯ ಹೋಗ್ಲಿ ಅಂತ ಕಾಯ್ಬೇಡ ಕಣೇ, ಅಷ್ಟರಲ್ಲಿ ಕೊಳೆ ಒಣಗಿಬಿಡತ್ತೆ ಅನ್ನೋರು ನಂಗೆ."

ಇಸ್ತ್ರಿಯಮ್ಮ ಕಣ್ಣು ಮುಚ್ಚಿದಳು. ಆಮೇಲೆ ಬಟ್ಟೆಯನ್ನು ಎತ್ತಿ ತೊಟ್ಟಿಗೆ ಹಾಕಿದಳು. ಬೆಟ್ಟದ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು.

ಸಂಜೆಯ ಬಿಸಿಲು ಓರೆಯಾಗುವವರೆಗೂ ಇಬ್ಬರೂ ಕೆಲಸ ಮಾಡಿದರು. ಒದ್ದೆ ಹಾಸಿಗೆ ಬಟ್ಟೆ ಹಿಂಡಲು ಒಬ್ಬರಿಂದಾಗದು. ಒಂದು ತುದಿಯನ್ನು ಸಣ್ಣ ಸಿಸ್ಟರ್ ಹಿಡಿದು ಬಲಕ್ಕೆ ತಿರುಚಿದರೆ, ಇನ್ನೊಂದು ತುದಿಯನ್ನು ಇಸ್ತ್ರಿಯಮ್ಮ ಎಡಕ್ಕೆ ತಿರುಚಿದಳು. ಬಟ್ಟೆ ಹಗ್ಗದಂತಾಗಿ ನಡುವಿನಿಂದ ನೀರು ಧಾರೆಯಾಗಿ ಬಿತ್ತು. "ಬಿಗಿಯಾಗಿ ಹಿಡಿ, ಬಿಡ್ಬೇಡ, ನಿಂಗೆ ಊಟ ಹಾಕಲ್ವಾ ಇಲ್ಲಿ?" ಎಂದು ಗದರಿದಳು. ಹುಡುಗಿ ನಕ್ಕು ಬಿಗಿಯಾಗಿ ಹಿಡಿದಳು. ತಂತಿಯ ಮೇಲೆ ಹರವುತ್ತ ಹರವುತ್ತ ಕೊನೆಯ ಕಂಬದವರೆಗೆ ಬಂದಾಗ, ಬೇಲಿಯಾಚೆ ಮಣ್ಣಿನ ದಿಬ್ಬ ಕಾಣಿಸಿತು. ಬೆಳಿಗ್ಗೆಯಿಂದ ಆ ಕಡೆ ನೋಡಬಾರದೆಂದು ಮುಖ ತಪ್ಪಿಸಿಕೊಂಡು ಓಡಾಡಿದ್ದಳು. ಮರದ ಶಿಲುಬೆ ಇನ್ನೂ ಹೊಸದು. ದಿಬ್ಬದ ಮೇಲೆ ಹುಲ್ಲು ಅಲ್ಲೊಂದು ಇಲ್ಲೊಂದು ಎದ್ದಿತ್ತು.

ಸಣ್ಣ ಸಿಸ್ಟರ್ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕೆಳಗೆ ಸಂಜೆಯ ಕೊನೆಯ ಬಸ್ಸು ಹೊರಟ ಸದ್ದು ಕೇಳಿತು. ಇಸ್ತ್ರಿಯಮ್ಮ ಬೇಲಿಯ ಗೂಟ ಹಿಡಿದು ನಿಂತಳು. ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಒದ್ದೆ ಕೈಗಳನ್ನು ಜೋಡಿಸಿದಳು.

"ಸ್ವಾಮಿ, ನನ್ನ ಮಗು ದಣಿದಿದೆ. ಬೆನ್ನು ನೆಟ್ಟಗೆ ಮಾಡ್ಲಿ, ಮಲಗ್ಲಿ. ನಿನ್ನ ಹತ್ರ ಅವಳಿಗೆ ಚಳಿ ಆಗದ ಹಾಗೆ ನೋಡ್ಕೋ. ಇಲ್ಲಿ ಕೆಲಸ ಉಳೀತಲ್ಲ ಅಂತ ಅವಳು ಏಳ್ಬಾರ್ದು. ನೀನೇ ಬಂದು ಎಬ್ಬಿಸೋವರೆಗೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ. ಆಮೆನ್."